ಚಪ್ಪಲಿ ಕದಿಯುವ ನಾಯಿಯ ಪೂರ್ವಾಶ್ರಮ



ಎರಡು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತುರ್ತು ಮೀಟಿಂಗ್ ಕರೆದರು. ನೀರಿನ ಟ್ಯಾಂಕರಿನ ಲೆಕ್ಕವಿರಬಹುದೆಂದು ಹೋದೆ. ವಿಷಯ ಬೇರೆಯೇ ಇತ್ತು. ಚಪ್ಪಲಿ!

ಮೂರನೆಯ ಮಹಡಿಯಲ್ಲಿ ಕಲಬುರಗಿ ಕಡೆಯ ಒಂದು ಕನ್ನಡ ಕುಟುಂಬವಿದೆ. ಅವರ ಮನೆಯ ಒಂಬತ್ತು ತಿಂಗಳ ಲ್ಯಾಬ್ರಡಾರ್ ಮರಿ ಬ್ರೂನೋ ಒಂದೇ ತಿಂಗಳಲ್ಲಿ ಹನ್ನೊಂದು ಮನೆಗಳ ಬಾಗಿಲಿನಿಂದ ಚಪ್ಪಲಿ ಹೊತ್ತೊಯ್ದಿತ್ತು. ಮನೆಯ ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇವೆಂದು ಅವರು ಮಾತು ಕೊಟ್ಟೇಬಿಟ್ಟರು. ಅವರ ಮಗ, ಇಂಟರ್ ಮೊದಲ ವರ್ಷದ ಹುಡುಗ, ಗೋಡೆಗೆ ಒರಗಿ ನಿಂತಿದ್ದ. ಕಣ್ಣು ಕೆಂಪಗಿದ್ದವು.

ನಾನು ಒಂದೇ ಪ್ರಶ್ನೆ ಕೇಳಿದೆ: "ಒಂದಾದರೂ ಚಪ್ಪಲಿ ಹರಿದಿದೆಯೇ?"

ಯಾರೂ ಉತ್ತರಿಸಲಿಲ್ಲ. ಹುಡುಗನೇ ಹೇಳಿದ: "ಇಲ್ಲ ಅಂಕಲ್. ಎಲ್ಲಾ ತಂದು ಆಯಿಯ ಮಂಚದ ಕೆಳಗೆ ಇಡ್ತದೆ. ಒಂದು ಹಲ್ಲಿನ ಗುರುತೂ ಇಲ್ಲ."

ಆ ಉತ್ತರ ಕೇಳಿ ನನಗೆ ನಗು ಬಂತು. ಆ ಮರಿ ಕದಿಯುತ್ತಿರಲಿಲ್ಲ. ತನ್ನ ಮುತ್ತಜ್ಜಂದಿರು ಮಾಡುತ್ತಿದ್ದ ನೌಕರಿಯನ್ನು ಯಾರೂ ಕೇಳದೆಯೇ ಮಾಡುತ್ತಿತ್ತು. ನಾಯಿಯನ್ನು ಕೊಡುವುದಕ್ಕೆ ಮೂರು ತಿಂಗಳ ಗಡುವು ಕೇಳಿ ಕೊಡಿಸಿದೆ. ಆ ಮೂರು ತಿಂಗಳಲ್ಲಿ ಹುಡುಗನೂ ನಾನೂ ಕಲಿತದ್ದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪೇನಿಯಲ್ ಇರುವುದನ್ನು ಸಂಘದ ವನಭೋಜನಗಳಲ್ಲಿ ಕಂಡಿದ್ದೇನೆ. ಇವೆಲ್ಲ ಹಕ್ಕಿ ಬೇಟೆಯ ನಾಯಿಗಳು ಎಂಬುದು ನಿಮಗೆ ಗೊತ್ತೇ?

ಮೂರು ಬಗೆಯ ಕಸುಬುದಾರರು

ಹಕ್ಕಿ ಬೇಟೆಗೆ ಹೊರಟವನಿಗೆ ಮೂರು ತೊಂದರೆಗಳು. ಹುಲ್ಲಿನಲ್ಲಿ ಅಡಗಿದ ಹಕ್ಕಿ ಅವನ ಕಣ್ಣಿಗೆ ಬೀಳುವುದಿಲ್ಲ. ಕಂಡರೂ ಅದು ಹಾರಲೊಲ್ಲದು. ಗುಂಡು ತಗುಲಿ ಬಿದ್ದರೆ ಎಲ್ಲಿ ಬಿತ್ತೆಂದು ಸಿಗುವುದಿಲ್ಲ. ಈ ಮೂರಕ್ಕೂ ಯುರೋಪಿನ ಬೇಟೆಗಾರರು ತಲೆಮಾರುಗಳ ಕಾಲ ಮರಿಗಳನ್ನು ಆರಿಸಿ ಆರಿಸಿ ಮೂರು ಬಗೆಯ ನಾಯಿಗಳನ್ನು ರೂಪಿಸಿದರು.

ಮೊದಲನೆಯವು ನಿಂತು ತೋರಿಸುವ ನಾಯಿಗಳು: ಪಾಯಿಂಟರ್ ಮತ್ತು ಸೆಟ್ಟರ್. ಹಕ್ಕಿಯ ವಾಸನೆ ಸಿಕ್ಕೊಡನೆ ಇವು ಕಲ್ಲಿನ ಬೊಂಬೆಯಂತೆ ನಿಂತುಬಿಡುತ್ತವೆ. ಮೂಗು ಹಕ್ಕಿಯ ಕಡೆಗೆ, ಒಂದು ಮುಂಗಾಲು ಮೇಲೆ, ಬಾಲ ನೆಟ್ಟಗೆ. ಕೋವಿ ಬಳಕೆಗೆ ಬರುವುದಕ್ಕೂ ಮೊದಲು ನಾಯಿಯ ಮೇಲಿಂದಲೇ ಹಕ್ಕಿಗಳ ಮೇಲೆ ಬಲೆ ಬೀಸುತ್ತಿದ್ದರು. ಬಲೆಗೆ ಅಡ್ಡಿಯಾಗದಂತೆ ನೆಲಕ್ಕೆ ಅವುಚಿಕೊಳ್ಳುತ್ತಿದ್ದ ನಾಯಿಯ ಸಂತತಿಯೇ ಸೆಟ್ಟರ್.

ಎರಡನೆಯವು ಎಬ್ಬಿಸುವ ನಾಯಿಗಳು, ಅಂದರೆ ಸ್ಪೇನಿಯಲ್‌ಗಳು. ಪೊದೆಗೆ ನುಗ್ಗಿ ಹಕ್ಕಿಯನ್ನು ಹಾರಿಸುವುದು ಇವುಗಳ ಕೆಲಸ. ವುಡ್‌ಕಾಕ್ ಎಂಬ ಹಕ್ಕಿಯನ್ನು ಎಬ್ಬಿಸುತ್ತಿದ್ದುದರಿಂದ ಕಾಕರ್ ಎಂಬ ಹೆಸರು ಬಂತು.

ಮೂರನೆಯವು ತಂದುಕೊಡುವ ನಾಯಿಗಳು, ರಿಟ್ರೀವರ್‌ಗಳು. ಲ್ಯಾಬ್ರಡಾರಿನ ಪೂರ್ವಿಕರು ಕೆನಡದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದವು. 19ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದು, ಬಿದ್ದ ಹಕ್ಕಿಯನ್ನು ನೀರು ಮುಳ್ಳು ಲೆಕ್ಕಿಸದೆ ಹುಡುಕಿ ತರುವ ಕೆಲಸಕ್ಕೆ ನಿಂತವು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇವನ್ನು ಪ್ರತ್ಯೇಕ ತಳಿಯೆಂದು ಒಪ್ಪಿತು. ಗೋಲ್ಡನ್ ರಿಟ್ರೀವರ್ ತಳಿಯನ್ನು ಸ್ಕಾಟ್ಲೆಂಡಿನಲ್ಲಿ ಲಾರ್ಡ್ ಟ್ವೀಡ್‌ಮೌತ್ 1868ರಿಂದ ಬೆಳೆಸಿದರು. ತಂದ ಹಕ್ಕಿ ಊಟಕ್ಕೆ ಯೋಗ್ಯವಾಗಿರಬೇಕಾದರೆ ನಾಯಿಯ ಬಾಯಿ ಮೃದುವಾಗಿರಬೇಕು. ಗಟ್ಟಿಯಾಗಿ ಕಚ್ಚುವ ನಾಯಿಯನ್ನು ತಳಿಗೆ ಬಿಡುತ್ತಲೇ ಇರಲಿಲ್ಲ. ನಮ್ಮ ಬ್ರೂನೋ ಹಲ್ಲಿನ ಗುರುತಿಲ್ಲದೆ ಚಪ್ಪಲಿ ತಂದದ್ದರ ಗುಟ್ಟು ಇದು.

ಇನ್ನು ಮೂಗಿನ ವಿಷಯ. ಮನುಷ್ಯನ ಮೂಗಿನಲ್ಲಿ ವಾಸನೆ ಗ್ರಹಿಸುವ ಕಣಗಳು ಸುಮಾರು 50-60 ಲಕ್ಷ. ಇಂಥ ನಾಯಿಗಳಲ್ಲಿ 20 ಕೋಟಿಗೂ ಹೆಚ್ಚು. ನಾವು ಕಣ್ಣಿನಿಂದ ಬೀದಿಯನ್ನು ಓದುವಂತೆ ನಾಯಿ ಗಾಳಿಯನ್ನು ಓದುತ್ತದೆ. ಅಂಥ ಮೂಗನ್ನು 1200 ಚದರಡಿಯ ಫ್ಲ್ಯಾಟಿನಲ್ಲಿ ಕೆಲಸವಿಲ್ಲದೆ ಕೂರಿಸಿದರೆ ಅದು ಚಪ್ಪಲಿಯ ಕಡೆಗೆ ಹೋಗದೆ ಇನ್ನೆಲ್ಲಿಗೆ ಹೋದೀತು?

ನಮ್ಮವರ ನಾಯಿಗಳು

ಬೇಟೆನಾಯಿ ಎಂದರೆ ಪರದೇಶದ್ದೇ ಎಂದುಕೊಳ್ಳಬೇಡಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಒಂದು ಕನ್ನಡ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಬೂತುಗ, ತನ್ನ ವೀರ ಮಣಲೇರನಿಗೆ "ಏನು ಬೇಕೋ ಕೇಳು" ಎಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಇಷ್ಟು ಗೌರವ ಸಲ್ಲಿಸಿದವರು ಕನ್ನಡಿಗರು.

ಮುಧೋಳದ ನಾಯಿಯ ಹೆಸರನ್ನಂತೂ ನೀವು ಕೇಳಿಯೇ ಇರುತ್ತೀರಿ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂತು. ಆದರೆ ಅದು ಕಣ್ಣಿನಿಂದ ಕಂಡು, ಓಡಿ ಹಿಡಿಯುವ ನಾಯಿ. ಮೊಲ ಅದರ ಗುರಿ. ಕಾಳಿ ಎದುರು ನಿಂತು ಹೋರಾಡುವ ನಾಯಿ. ಹಕ್ಕಿ ನಾಯಿಯ ಗುಣ ಇವೆರಡಕ್ಕೂ ತೀರ ವಿರುದ್ಧ. ಅದು ಹುಡುಕಬೇಕು, ಸಿಕ್ಕಮೇಲೆ ಹಿಡಿಯಬಾರದು. ತನ್ನ ಮುಂದೆಯೇ ಇರುವುದನ್ನು ಮುಟ್ಟದೆ, ಹಿಂದೆ ಬರುತ್ತಿರುವ ಮನುಷ್ಯನಿಗಾಗಿ ಕಾಯಬೇಕು. ಹುಟ್ಟುಗುಣ ಅದನ್ನು ಒಂದು ಗಳಿಗೆ ನಿಲ್ಲಿಸೀತು. ಆ ಗಳಿಗೆಯನ್ನು ಐದು ನಿಮಿಷಕ್ಕೆ ಹಿಗ್ಗಿಸುವುದೇ ಶಿಕ್ಷಣ.

ನಮ್ಮ ಮಲೆನಾಡಿನಲ್ಲಿ ತಳಿಯ ನಾಯಿಗಳಿರಲಿಲ್ಲ. ಇದ್ದವೆಲ್ಲ ಕಂತ್ರಿ ನಾಯಿಗಳೇ. ಆದರೂ ಕಾಡುಕೋಳಿಯ ಷಿಕಾರಿಗೆ ಅವೇ ಆಧಾರ. ಕಾಡುಕೋಳಿ, ನವಿಲು, ಗೌಜಲಹಕ್ಕಿ, ಬುರ್ಲಿ ಇವೆಲ್ಲ ವಿದೇಶದಲ್ಲಿ ಬೇಟೆಯಾಡುವ ಫೆಸೆಂಟ್ ಹಕ್ಕಿಯ ಕುಟುಂಬಕ್ಕೇ ಸೇರಿದವು. ನೆಲದಲ್ಲಿ ಕೆದಕಿ ತಿನ್ನುವುದು, ಅಪಾಯ ಬಂದರೆ ಮೊದಲು ಓಡುವುದು, ಬೇರೆ ದಾರಿಯಿಲ್ಲದಾಗ ಮಾತ್ರ ಪಟಪಟನೆ ಹಾರುವುದು ಇವುಗಳ ಸ್ವಭಾವ.

ನಾನು ಮಾಡಿದ ತಪ್ಪು

ಈಗ ನನ್ನದೊಂದು ಹಳೆಯ ಕಥೆ ಹೇಳಬೇಕು. ಇದನ್ನು ನನ್ನ ಮಕ್ಕಳಿಗೂ ಬಹಳ ಕಾಲ ಹೇಳಿರಲಿಲ್ಲ.

1968ರ ಬೇಸಿಗೆ ರಜೆ. ನನಗೆ ಹನ್ನೆರಡು ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ನಮ್ಮ ಸೋದರಮಾವನ ಮನೆ. ಅವರ ಹತ್ತಿರ ಒಂದು ಕೇಪಿನ ಕೋವಿ ಇತ್ತು, ಕರಿಯ ಎಂಬ ನಾಯಿಯೂ ಇತ್ತು. ಸಣ್ಣ ಮೈ, ಒಂದು ಕಿವಿ ಹರಿದಿತ್ತು. ಯಾರೂ ಕಲಿಸದಿದ್ದರೂ ಕೋಳಿಯ ವಾಸನೆ ಸಿಕ್ಕರೆ ಲಂಟಾನದ ಹಳುವಿನ ಮುಂದೆ ನಿಂತು ಮಾವನ ಮುಖವನ್ನೇ ನೋಡುತ್ತಿತ್ತು. ನಾನು ಕೂಗಿದರೆ ಗದ್ದೆಯ ಆಚೆಯಿಂದಲೂ ಓಡಿ ಬರುತ್ತಿತ್ತು. ಆ ರಜೆಯಲ್ಲಿ ನಾವಿಬ್ಬರೂ ಬಿಟ್ಟಿರುತ್ತಿರಲಿಲ್ಲ.

ಒಂದು ದಿನ ಮಾವ ಕೋವಿಯಿಲ್ಲದೆ ತೋಟಕ್ಕೆ ಹೋಗಿದ್ದಾಗ, ಪಕ್ಕದ ಮನೆಯ ಹುಡುಗರಿಗೆ ನನ್ನ ದೊಡ್ಡಸ್ತಿಕೆ ತೋರಿಸಬೇಕೆಂದು ಕರಿಯನನ್ನು ಹಾಡ್ಯಕ್ಕೆ ಕರೆದೊಯ್ದೆ. ಸ್ವಲ್ಪ ಹೊತ್ತಿಗೆ ಅದು ಒಂದು ಪೊದೆಯ ಮುಂದೆ ನಿಂತಿತು. ನಾನು "ಛೂ" ಎಂದೆ. ಅಲುಗಲಿಲ್ಲ. "ಬಾ" ಎಂದೆ. ಬರಲಿಲ್ಲ. ಹುಡುಗರು ನಕ್ಕರು. ನಾನು ಕಲ್ಲು ಎಸೆದೆ. ಕೋಳಿ ಪೊದೆಯಿಂದೆದ್ದು ಹಾರಿತು. ಕರಿಯ ಅದರ ಹಿಂದೆ ಓಡಿತು. ಹತ್ತು ನಿಮಿಷ ಗಂಟಲು ಹರಿಯುವಂತೆ ಕೂಗಿದೆ. ಕೊನೆಗೆ ಅದು ನಾಲಿಗೆ ಚಾಚಿಕೊಂಡು, ಬಾಲ ಅಲ್ಲಾಡಿಸುತ್ತ ನನ್ನ ಕಾಲ ಬಳಿ ಬಂದು ನಿಂತಾಗ, ಪೇರಲೆ ಬರಲಿನಿಂದ ನಾಲ್ಕು ಬಾರಿಸಿದೆ.

ಸಂಜೆ ಮಾವನಿಗೆ ವಿಷಯ ತಿಳಿಯಿತು. ಅವರು ಬೈಯಲಿಲ್ಲ. ಕವಳ ಹಾಕಿಕೊಳ್ಳುತ್ತ ಹೇಳಿದ್ದು ಇಷ್ಟು: "ಓಡಿಹೋದದ್ದಕ್ಕೆ ಹೊಡೆದೆ ಅಂತ ನೀನು ತಿಳಕೊಂಡಿದೀಯ. ಅದು ತಿಳಕೊಂಡಿದ್ದು ಬೇರೆ ಮಾರಾಯ. ವಾಪಸು ಬಂದದ್ದಕ್ಕೆ ಹೊಡೆದೆ ಅಂತ."

ಅಲ್ಲಿಂದ ಮುಂದೆ ಕರಿಯ ನಾನು ಕರೆದರೆ ಬರಲಿಲ್ಲ. ಪ್ರತಿ ರಜೆಗೂ ಹೋದಾಗ ದೂರದಲ್ಲಿ ನಿಂತು ಬಾಲ ಅಲ್ಲಾಡಿಸುತ್ತಿತ್ತು, ಅಷ್ಟೆ. ಅಕ್ಕಿ ರೊಟ್ಟಿ ತೋರಿಸಿದರೂ ನಾನು ಅಲ್ಲಿಂದ ಹೋದಮೇಲೇ ಬಂದು ತಿನ್ನುತ್ತಿತ್ತು. 1971ರಲ್ಲಿ ಅದು ಸತ್ತಿತೆಂದು ಕಾಗದ ಬಂತು.

ಡಕೋಟಾದ ಹುಲ್ಲುಗಾವಲಿನಲ್ಲಿ

ಮಾವನ ಮಾತಿನ ಪೂರ್ಣ ಅರ್ಥ ನನಗೆ ತಿಳಿದದ್ದು ನಲವತ್ತಮೂರು ವರ್ಷಗಳ ನಂತರ, ಅಮೆರಿಕದಲ್ಲಿ. 2011ರ ಅಕ್ಟೋಬರಿನಲ್ಲಿ ಮಿನಿಯಾಪೊಲಿಸಿನ ಮಗಳ ಮನೆಗೆ ಹೋಗಿದ್ದೆವು. ಅಳಿಯನ ಸಹೋದ್ಯೋಗಿಯೊಬ್ಬರು ಫೆಸೆಂಟ್ ಬೇಟೆಗೆ ದಕ್ಷಿಣ ಡಕೋಟಾ ರಾಜ್ಯದ ಮಿಚೆಲ್ ಕಡೆಗೆ ಹೊರಟಿದ್ದರು. "ಮಾವ, ನೀವು ನಾಯಿ ನೋಡೋಕಾದ್ರೂ ಬನ್ನಿ" ಎಂದ ಅಳಿಯ. ಸುಮಾರು ಐದು ಗಂಟೆಯ ಕಾರು ಪ್ರಯಾಣ.

ಫೆಸೆಂಟ್ ಅಮೆರಿಕದ ಮೂಲನಿವಾಸಿಯಲ್ಲ. ಓವೆನ್ ಡೆನ್ನಿ ಎಂಬ ರಾಯಭಾರ ಅಧಿಕಾರಿ 1880ರ ದಶಕದ ಆರಂಭದಲ್ಲಿ ಚೀನಾದ ಶಾಂಘೈನಿಂದ ಆರೆಗಾನ್ ರಾಜ್ಯಕ್ಕೆ ಕಳಿಸಿದ ಹಕ್ಕಿಗಳಿಂದ ಅಲ್ಲಿ ಅದರ ವಂಶ ನೆಲೆಯೂರಿತು. ದಕ್ಷಿಣ ಡಕೋಟಾದಲ್ಲಿ 1919ರಲ್ಲಿ ಮೊದಲ ಬೇಟೆ ಋತು ನಡೆಯಿತು. 1943ರಲ್ಲಿ ಅದು ರಾಜ್ಯಪಕ್ಷಿಯೂ ಆಯಿತು. ವಲಸೆ ಬಂದವರು ಊರಿನವರೇ ಆಗಿಬಿಡುವುದು ಹಕ್ಕಿಗಳಲ್ಲೂ ಉಂಟು! ಗಂಡು ಹಕ್ಕಿ ತಾಮ್ರದ ಮೈಯ, ಹಸಿರು ತಲೆಯ, ಕತ್ತಿನಲ್ಲಿ ಬಿಳಿ ಬಳೆ ತೊಟ್ಟ ಸುಂದರಾಂಗ. ಹೆಣ್ಣು ಒಣಹುಲ್ಲಿನ ಬಣ್ಣದ್ದು. ಗಂಡನ್ನು ಮಾತ್ರ ಹೊಡೆಯಬಹುದು, ಅದೂ ಒಬ್ಬರಿಗೆ ದಿನಕ್ಕೆ ಮೂರು.

ಆ ಗೃಹಸ್ಥರ ಬಳಿ ಇದ್ದದ್ದು ಏಳು ವರ್ಷದ ಒಂದು ಹೆಣ್ಣು ಜರ್ಮನ್ ಷಾರ್ಟ್‌ಹೇರ್ಡ್ ಪಾಯಿಂಟರ್. ಕಾರಿನಿಂದಿಳಿದ ಕೂಡಲೇ ಅವರು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರಿದರು. ಗಾಳಿ ಎದುರಿನಿಂದ ಬರುವ ದಿಕ್ಕಿನಲ್ಲೇ ನಾಯಿಯನ್ನು ಬಿಡಬೇಕು. ಗಾಳಿ ಬೆನ್ನಿಗಿದ್ದರೆ ಮೂಗು ಕುರುಡಾದಂತೆ. ನಾಯಿ ಹೊಲದ ಉದ್ದಕ್ಕೂ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೇಯುವವನ ಲಾಳಿಯಂತೆ ಓಡಾಡಿತು. ಇದ್ದಕ್ಕಿದ್ದಂತೆ ನಿಂತಿತು. ಅರ್ಧ ಓಟದಲ್ಲಿ ಯಾರೋ ಹಿಡಿದು ನಿಲ್ಲಿಸಿದ ಹಾಗೆ, ಮೈ ಬಿಲ್ಲಿನಂತೆ ಬಾಗಿಸಿಕೊಂಡು ನಿಂತಿತು.

ನಾವು ನೂರು ಗಜ ಹಿಂದಿದ್ದೆವು. ಯಾರೂ ಓಡಲಿಲ್ಲ, ಕೂಗಲಿಲ್ಲ. ನಡೆದು ಹೋಗಿ, ನಾಯಿಯ ಪಕ್ಕದಿಂದ ದಾಟಿ, ಮುಂದಿನ ಹುಲ್ಲನ್ನು ಅವರು ಕಾಲಿನಿಂದ ಒದ್ದರು. ಬುರ್ರೆಂದು ಎದ್ದದ್ದು ಹೆಣ್ಣು. ಕೋವಿ ಮೇಲೇಳಲಿಲ್ಲ. ನಾಯಿಯೂ ಅಲುಗಲಿಲ್ಲ, ಅವರು ಅದರ ಬೆನ್ನು ಸವರಿದರು. ಹುಡುಕಿ ತೋರಿಸುವುದು ನಾಯಿಯ ಕೆಲಸ, ಅದು ಮುಗಿದಿತ್ತು. ಹೊಡೆಯುವುದೋ ಬಿಡುವುದೋ ಮನುಷ್ಯನ ಜವಾಬ್ದಾರಿ.

ಮುಂದೆ ಒಂದು ಗಂಡು ಎದ್ದಿತು, ಬಿದ್ದಿತು. ರೆಕ್ಕೆಗೆ ಮಾತ್ರ ಪೆಟ್ಟಾಗಿದ್ದರಿಂದ ಜೊಂಡಿನೊಳಗೆ ಓಡಿ ಮಾಯವಾಯಿತು. ನಾವು ನಾಲ್ಕು ಜನ ಹುಡುಕಿದರೂ ಸಿಗುತ್ತಿರಲಿಲ್ಲ. ನಾಯಿ ಮೂರೇ ನಿಮಿಷದಲ್ಲಿ ಅದನ್ನು ತಂದು ಕೈಗೆ ಕೊಟ್ಟಿತು. ನಾಯಿಯಿಲ್ಲದೆ ಹಕ್ಕಿ ಬೇಟೆಗೆ ಹೋಗಬಾರದೆಂದು ಅಲ್ಲಿನ ಹಿರಿಯ ಬೇಟೆಗಾರರು ಏಕೆ ಹೇಳುತ್ತಾರೆಂದು ಆಗ ಅರ್ಥವಾಯಿತು. ಗಾಯಗೊಂಡ ಜೀವ ಹುಲ್ಲಿನಲ್ಲಿ ನರಳಿ ಸಾಯುವುದಕ್ಕೆ ಬಿಡುವುದು ಅವರಿಗೆ ಅವಮಾನ.

ಮಧ್ಯಾಹ್ನ ಆ ನಾಯಿಯೂ ಒಮ್ಮೆ ತಪ್ಪಿತು. ಹಾರಿದ ಹಕ್ಕಿಯ ಹಿಂದೆ ಓಡಿ, ದಿಬ್ಬದಾಚೆ ಹೋಗಿಬಿಟ್ಟಿತು. ಅವರು ಶಿಳ್ಳೆ ಊದುತ್ತ ನಿಂತರು. ಬಹಳ ಹೊತ್ತಿನ ಮೇಲೆ ಬಂತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಆ ಕೈ ನಾಯಿಯ ತಲೆ ಸವರಿತು, ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿತು, ಅಷ್ಟೆ. ನಾನು ಮುಖ ಆಚೆ ತಿರುಗಿಸಿಕೊಂಡೆ. ಅಳಿಯ "ಗಾಳಿ ಜಾಸ್ತಿ ಇದೆ ಅಲ್ವಾ ಮಾವ?" ಎಂದ. ಹೌದೆಂದೆ.

ಕುಷಾಯಿಗೂಡದ ಪಾಠಶಾಲೆ

ಈ ಎರಡು ಅನುಭವಗಳ ಬಂಡವಾಳದ ಮೇಲೆ ಬ್ರೂನೋವಿನ ಪಾಠ ಶುರುವಾಯಿತು. ಹಕ್ಕಿ ನಾಯಿಗೆ ಕಲಿಸುವ ಕ್ರಮವನ್ನೇ ಫ್ಲ್ಯಾಟಿಗೆ ಹೊಂದಿಸಿಕೊಂಡೆವು. ನಿಮಗೂ ಉಪಯೋಗವಾದೀತು, ಗಮನವಿಟ್ಟು ಓದಿ.

ಮೊದಲು ಭಾಷೆ. ಆ ಮನೆಯಲ್ಲಿ ಅಪ್ಪ ನಾಯಿಗೆ "ಸಿಟ್" ಎನ್ನುತ್ತಿದ್ದರು, ಅಮ್ಮ ಹಿಂದಿಯಲ್ಲಿ "ಬೈಠ್", ಕೆಲಸದಾಕೆ ತೆಲುಗಿನಲ್ಲಿ "ಕೂರ್ಚೋ". ನಾಯಿಗೆ ಮೂರು ಬೇರೆ ಬೇರೆ ಸದ್ದುಗಳು! ಒಂದು ಕೆಲಸಕ್ಕೆ ಒಂದೇ ಮಾತು, ಮನೆಮಂದಿಯೆಲ್ಲ ಅದೇ ಮಾತು, ಇದು ಮೊದಲ ನಿಯಮ. ಯಾವ ಭಾಷೆ ಇಟ್ಟುಕೊಳ್ಳೋಣ ಎಂದು ಚರ್ಚೆಯಾಯಿತು. ಹಗಲೆಲ್ಲ ನಾಯಿಯೊಡನೆ ಇರುವವರು ಆಯಿ. ಅವರಿಗೆ ಬರುವುದು ಕಲಬುರಗಿಯ ಕನ್ನಡ ಮಾತ್ರ. ಅದೇ ತೀರ್ಮಾನವಾಯಿತು: ಬಾ, ಕೂಡು, ತಡಿ, ತಾ, ಬಿಡು. ಚಿಕ್ಕ ಮಾತುಗಳು, ಒಂದರಂತೆ ಇನ್ನೊಂದು ಕೇಳಿಸುವುದಿಲ್ಲ. ಬೀದಿಯಲ್ಲಿ ಬೇರೆ ಯಾರೋ "ಕಮ್" ಎಂದರೆ ನಾಯಿ ಮೋಸಹೋಗುವುದೂ ಇಲ್ಲ. "ಮೊಮ್ಮಗಗ ಕಲಿಸಲಿಕ್ಕೆ ಆಗಲಿಲ್ಲ ತಮ್ಮಾ, ನಾಯಿಗಾದ್ರೂ ಕಲಿಸ್ತೀನಿ" ಎಂದರು ಆಯಿ. ಹುಡುಗ ನಕ್ಕ. ಆದರೆ ನಾಯಿಗೆ ಕಲಿಸಲು ಅವನೂ ಆಡಬೇಕಾಯಿತಲ್ಲ!

ಎರಡನೆಯದು "ಬಾ". ಇದು ಉಳಿದ ಎಲ್ಲ ಪಾಠಗಳ ಅಡಿಪಾಯ. ಕರೆದಾಗ ಬಂದ ನಾಯಿಗೆ ಒಳ್ಳೆಯದೇ ಆಗಬೇಕು. ಒಂದು ತುಂಡು ಚಪಾತಿ, ಇಲ್ಲವೇ ತಲೆ ಸವರುವುದು. ಸ್ನಾನಕ್ಕೆ, ಔಷಧಿಗೆ, ಬೈಗುಳಕ್ಕೆ ಎಂದೂ "ಬಾ" ಎಂದು ಕರೆಯಬೇಡಿ. ನೀವೇ ಎದ್ದು ಅದರ ಬಳಿಗೆ ಹೋಗಿ. ಎಷ್ಟೇ ತಡವಾಗಿ ಬರಲಿ, ಬಂದದ್ದಕ್ಕೆ ಹೊಡೆಯಬೇಡಿ. ಇದನ್ನು ಹೇಳುವ ಹಕ್ಕನ್ನು ನಾನು ಬೆಲೆ ಕೊಟ್ಟು ಸಂಪಾದಿಸಿದ್ದೇನೆ.

ಮೂರನೆಯದು "ತಡಿ". ಊಟದ ತಟ್ಟೆ ಇಟ್ಟು, ಎದೆಗೆ ಕೈ ಅಡ್ಡ ಹಿಡಿದು, "ತಡಿ" ಎಂದು ಒಂದು ಎಣಿಸುವಷ್ಟು ಹೊತ್ತು ನಿಲ್ಲಿಸುವುದು. ಮರುದಿನ ಎರಡು, ವಾರದ ಮೇಲೆ ಹತ್ತು. ಬಾಗಿಲು ತೆಗೆಯುವಾಗ "ತಡಿ", ಲಿಫ್ಟಿನ ಮುಂದೆ "ತಡಿ". ಆಮೇಲೆ ಮೂವತ್ತು ಅಡಿ ನವಾರು ಪಟ್ಟಿಯನ್ನು ಕೊರಳಪಟ್ಟಿಗೆ ಕಟ್ಟಿ ಟೆರೇಸಿನಲ್ಲಿ ಅಭ್ಯಾಸ. ಡಕೋಟಾದ ಬೇಟೆಗಾರರೂ ಇಂಥದೇ ಉದ್ದ ಹಗ್ಗ ಬಳಸುತ್ತಾರೆ. ಹಗ್ಗ ಎಳೆದು ಶಿಕ್ಷಿಸುವುದಕ್ಕಲ್ಲ. ಹೇಳಿದ ಮಾತನ್ನು ನಾಯಿ ಮೀರಿ ಹೋಗಲಾರದಂತೆ ನೋಡಿಕೊಳ್ಳುವುದಕ್ಕೆ. ಬ್ರೂನೋಗೆ ಇದು ಸರಿಯಾಗಿ ಬರಲು ಎರಡು ತಿಂಗಳು ಹಿಡಿಯಿತು. ನಡುವೆ ಹುಡುಗ ಎರಡು ಸಲ ಕೈಚೆಲ್ಲಿದ.

ನಾಲ್ಕನೆಯದು "ತಾ". ತುದಿ ಮುಚ್ಚಿದ ಕಾರಿಡಾರಿನಲ್ಲಿ, ಹಳೆಯ ಕಾಲುಚೀಲದೊಳಗೆ ಬಟ್ಟೆ ತುರುಕಿ ಮಾಡಿದ ಉಂಡೆಯನ್ನು ಎಸೆಯುವುದು. ಹಿಂದೆ ಬರಲು ಒಂದೇ ದಾರಿಯಿದ್ದರೆ ನಾಯಿ ನಿಮ್ಮ ಬಳಿಗೇ ತರುತ್ತದೆ. ಬಾಯಿಂದ ಕಿತ್ತುಕೊಳ್ಳಬೇಡಿ, ಎಳೆದಾಡಬೇಡಿ. ಎಳೆದಾಟವೇ ಮೃದುವಾದ ಬಾಯಿಯನ್ನು ಕೆಡಿಸುವುದು. "ಬಿಡು" ಎಂದು, ಬಿಟ್ಟಮೇಲೆ ಹೊಗಳಿ. ದಿನಕ್ಕೆ ನಾಲ್ಕು ಬಾರಿ ಸಾಕು. ಇನ್ನೂ ಬೇಕು ಎನ್ನಿಸುವಾಗಲೇ ಆಟ ನಿಲ್ಲಿಸುವುದು ಒಳ್ಳೆಯ ಗುರುವಿನ ಲಕ್ಷಣ. ಈಗ ಬ್ರೂನೋ ಬೆಳಿಗ್ಗೆ ಕೆಳಗಿಳಿದು ವಾಚ್‌ಮನ್ ಕೊಡುವ ಪೇಪರನ್ನು ಆಯಿಗೆ ತಂದುಕೊಡುತ್ತದೆ. ಚಪ್ಪಲಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ನೌಕರಿ ಸಿಕ್ಕಿದೆ.

ಐದನೆಯದು ಸದ್ದು. ಮರಿಯ ಕಿವಿಯ ಬಳಿ ಏಕಾಏಕಿ ಕೋವಿ ಹಾರಿಸಿದರೆ ಅದು ಜನ್ಮಪೂರ್ತಿ ಸದ್ದಿಗೆ ಹೆದರಬಹುದು. ಆ ಭಯ ಬಿಡಿಸುವುದು ಬಹಳ ಕಷ್ಟ. ಅದಕ್ಕೇ ತಿಳಿದವರು ನಾಯಿ ಉಣ್ಣುತ್ತಿರುವಾಗ, ತುಂಬ ದೂರದಿಂದ ಸಣ್ಣ ಸದ್ದು ಮಾಡಿ, ವಾರಗಟ್ಟಲೆ ಕ್ರಮೇಣ ಹತ್ತಿರ ಬರುತ್ತಾರೆ. ನಮಗೆ ಕೋವಿಯಿಲ್ಲ, ದೀಪಾವಳಿಯಿದೆ! ಎರಡು ತಿಂಗಳು ಮೊದಲೇ ಫೋನಿನಲ್ಲಿ ಪಟಾಕಿಯ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ ಊಟಕ್ಕಿಟ್ಟೆವು. ದಿನಕ್ಕೆ ಒಂದಿಷ್ಟು ಹೆಚ್ಚಿಸಿದೆವು; ತಟ್ಟೆ ಬಿಟ್ಟು ತಲೆಯೆತ್ತಿದರೆ ಮರುದಿನ ತಗ್ಗಿಸಿದೆವು. ಹಬ್ಬದ ರಾತ್ರಿ ಬ್ರೂನೋ ಆಯಿಯ ಮಂಚದ ಕೆಳಗೆ ಹೋಗಿ ಮಲಗಿತು, ನಡುಗಲಿಲ್ಲ.

ಕೊನೆಯದಾಗಿ ಮೂಗಿಗೆ ಆಟ. ಟೆರೇಸಿನಲ್ಲಿ ಗಾಳಿ ಬರುವ ಕಡೆ ಹೂಕುಂಡದ ಹಿಂದೆ ಉಂಡೆ ಬಚ್ಚಿಟ್ಟು "ಹುಡುಕು" ಎನ್ನಿ. ಇಂಥ ಹುಡುಕಾಟ ನಾಯಿಯನ್ನು ಚೆನ್ನಾಗಿ ತಣಿಸುತ್ತದೆ. ಹೈದರಾಬಾದಿನ ಬೇಸಿಗೆಯಲ್ಲಿ ಇದೆಲ್ಲ ಬೆಳಗಿನ ಏಳು ಗಂಟೆಯೊಳಗೆ ಮುಗಿಯಬೇಕು. ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಭಾಗವನ್ನು ಐದು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ.

ಕೋವಿಯಿಲ್ಲದ ಬೇಟೆ

ನಿಮ್ಮಲ್ಲಿ ಯಾರಾದರೂ "ಹಾಗಾದರೆ ನಾವೂ ಬೇಟೆಗೆ ಹೋಗಬಹುದೇ?" ಎಂದು ಕೇಳಬಹುದು. ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದಲ್ಲಿ ಕಾಡುಕೋಳಿ, ಗೌಜಲಹಕ್ಕಿ, ನವಿಲು ಯಾವುದನ್ನೂ ಕೊಲ್ಲುವಂತಿಲ್ಲ. ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು ಕೂಡ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ನಿಮ್ಮ ನಾಯಿ ನವಿಲನ್ನು ಓಡಿಸಿ ಹಿಡಿಯಲೆಂದು ನೀವು ಬಿಟ್ಟರೆ ತಪ್ಪು ನಾಯಿಯದಲ್ಲ, ನಿಮ್ಮದು. ಆದ್ದರಿಂದ ಹಕ್ಕಿಗಳಿರುವ ಕಡೆ ಹಗ್ಗ ಕೈಯಲ್ಲೇ ಇರಲಿ. ನಮ್ಮೂರಿನ ವನಸ್ಥಲಿಪುರದ ಮಹಾವೀರ ಹರಿಣ ವನಸ್ಥಲಿ ಹಿಂದೆ ನಿಜಾಮರ ಖಾಸಗಿ ಬೇಟೆಯ ನೆಲವಾಗಿತ್ತು. ಇಂದು ಜಿಂಕೆ ನವಿಲುಗಳ ರಾಷ್ಟ್ರೀಯ ಉದ್ಯಾನ.

ಕೋವಿ ಹೋಯಿತೆಂದು ವಿದ್ಯೆ ಹೋಗಬೇಕಿಲ್ಲ. 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರು ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಗುಬ್ಬಿ ಹೊಡೆದವರೇ. ಹೊಡೆದ ಒಂದು ಗುಬ್ಬಿಯ ಹಳದಿ ಕತ್ತು ಅವರನ್ನು ಪಕ್ಷಿವಿಜ್ಞಾನಿಯನ್ನಾಗಿ ಮಾಡಿತು. ನಮ್ಮ ಪೂರ್ಣಚಂದ್ರ ತೇಜಸ್ವಿಯವರೂ ಮೂಡಿಗೆರೆಯ ಕಾಡಿನಲ್ಲಿ ಷಿಕಾರಿ ಮಾಡಿ, ಮುಂದೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದವರು. ಅವರ 'ಪರಿಸರದ ಕತೆ'ಯಲ್ಲಿ ಬರುವ ಕಿವಿ ಎಂಬ ನಾಯಿಯನ್ನು ನೀವು ಭೇಟಿಯಾಗಲೇಬೇಕು. ಕನ್ನಡ ಓದುವುದು ನಿಧಾನವಾದರೂ ಸರಿ, ಅಜ್ಜ ಅಜ್ಜಿಯರಿಂದ ಓದಿಸಿಕೊಳ್ಳಿ.

ನಾಯಿಗಳೂ ಹಾಗೆಯೇ ಹೊಸ ನೌಕರಿ ಹಿಡಿದಿವೆ. ನ್ಯೂಜಿಲೆಂಡಿನಲ್ಲಿ ರಿಚರ್ಡ್ ಹೆನ್ರಿ ಎಂಬವರು 1890ರ ದಶಕದಲ್ಲೇ ನಾಯಿಗೆ ಬಾಯಿಕುಕ್ಕೆ ಕಟ್ಟಿ, ಹಾರಲಾರದ ಕಾಕಪೋ ಮತ್ತು ಕಿವಿ ಹಕ್ಕಿಗಳನ್ನು ಹುಡುಕಿಸಿ, ಸುರಕ್ಷಿತ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಇಂದಿಗೂ ಅಪರೂಪದ ಹಕ್ಕಿಗಳನ್ನು ಹುಡುಕಲು ನಾಯಿಗಳಿವೆ. ಬ್ರಿಟನ್ನಿನಲ್ಲಿ ಗ್ರೌಸ್ ಹಕ್ಕಿಗಳ ಗಣತಿಗೆ ಪಾಯಿಂಟರ್‌ಗಳನ್ನು ಬಳಸುತ್ತಾರೆ. ಕಳ್ಳಬೇಟೆಯವರು ಸಾಗಿಸುವ ಹುಲಿ ಚಿರತೆಗಳ ಅಂಗಾಂಗಗಳನ್ನು ಮೂಸಿ ಹಿಡಿಯುವ ನಾಯಿಗಳು 2008ರಿಂದ ನಮ್ಮ ದೇಶದಲ್ಲೂ ತರಬೇತಾಗುತ್ತಿವೆ. ಬೇಟೆಗೆ ದುಡಿದ ಮೂಗೇ ಇಂದು ಕಾವಲಿಗೆ ದುಡಿಯುತ್ತಿದೆ.

ಮೂರು ತಿಂ��ಳ ಗಡುವು ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಮುಂಜಾನೆ ಹುಡುಗ, ನಾನು, ಬ್ರೂನೋ ಕೀಸರಗುಟ್ಟದ ಕಡೆಗೆ ಹೋದೆವು. ಬಂಡೆ, ಕುರುಚಲು, ಕಾಲುದಾರಿ. ಗಾಳಿ ಎದುರಿನಿಂದ ಬರುತ್ತಿತ್ತು. ಒಂದು ಕಡೆ ಬ್ರೂನೋವಿನ ಬಾಲ ಜೋರಾಗಿ ಅಲ್ಲಾಡತೊಡಗಿತು, ಮೂಗು ಮೇಲೆದ್ದಿತು, ಹಗ್ಗ ಬಿಗಿಯಾಯಿತು. ಹುಡುಗ ಮೆಲ್ಲಗೆ "ತಡಿ" ಎಂದ. ನಿಂತಿತು. ಹಗ್ಗ ಸಡಿಲವಾಯಿತು. ನಾವೂ ಉಸಿರು ಹಿಡಿದು ನಿಂತೆವು. ಅರ್ಧ ನಿಮಿಷದಲ್ಲಿ ಪೊದೆಯಿಂದ ಒಂದು ಗೌಜಲಹಕ್ಕಿ ಹೊರಬಂತು, ಅದರ ಹಿಂದೆ ಇನ್ನೊಂದು, ಅವುಗಳ ನಡುವೆ ಉರುಳುವ ಬುಗುರಿಗಳಂತೆ ಐದಾರು ಮರಿಗಳು. ನಮ್ಮ ಇರವೇ ತಿಳಿಯದವರಂತೆ ದಾರಿ ದಾಟಿ ಆಚೆಯ ಹುಲ್ಲಿಗೆ ಹೋದವು. ಬ್ರೂನೋ ನಡುಗುತ್ತಿತ್ತು, ಆದರೆ ಕಾಲು ಕೀಳಲಿಲ್ಲ. ಹಕ್ಕಿಗಳು ಮರೆಯಾದಮೇಲೆ ತಿರುಗಿ ಹುಡುಗನ ಮುಖ ನೋಡಿತು.

"ಅಂಕಲ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದ. ಗೌಜಲಹಕ್ಕಿ ಎಂದೆ. "ತೆಲುಗಿನ ಕೌಜು ಅಲ್ವಾ ಅದೇ!" ಎಂದು ಅವನೇ ಗುರುತು ಹಿಡಿದ.

ಸ್ವಲ್ಪ ದೂರ ಹೋದಮೇಲೆ ಅವನು "ಬಾ" ಎಂದು ಕರೆದ. ಬ್ರೂನೋ ನಡುವೆ ಒಂದು ಬಂಡೆ ಮೂಸಿತು, ಒಂದು ಗಿಡಕ್ಕೆ ಕಾಲೆತ್ತಿತು, ತನಗೆ ಬೇಕಾದಷ್ಟು ತಡಮಾಡಿಕೊಂಡು ಬಂತು. ಹುಡುಗನ ಕೈ ಮೇಲೆದ್ದಿತು. ನಾನು ಒಂದು ಕ್ಷಣ ಕಣ್ಣುಮುಚ್ಚಿದೆ. ತೆರೆದಾಗ ಆ ಕೈ ನಾಯಿಯ ತಲೆಯ ಮೇಲಿತ್ತು.